ಶೀಷ್ ಮಹಲು ಮತ್ತು ಪೇಟಿ ಮಾಸ್ತರರು

ಕಲಬುರಗಿಯ ಮೂಡಣ ಭಾಗದಲ್ಲಿ, 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇ ನವಾಜ್ ಗೇಸೂದರಾಜರ ಸಮಾಧಿಯ ಸುತ್ತ ಬೆಳೆದುನಿಂತ ರೋಜಾದಲ್ಲಿ, ಉರುಸಿನ ರಾತ್ರಿಗಳಲ್ಲಿ ನಡೆಯುವ ಕವ್ವಾಲಿಯನ್ನು ಒಮ್ಮೆಯಾದರೂ ಕುಳಿತು ಕೇಳಿದವರು ಬಲ್ಲ ಸಂಗತಿಯೊಂದುಂಟು: ಆ ಗಾಯನದ ಅವಧಿಯನ್ನು ಗಾಯಕನೊಬ್ಬನೇ ನಿರ್ಣಯಿಸುವುದಿಲ್ಲ. ಮುಖ್ಯ ಕವ್ವಾಲರು ಎತ್ತಿಕೊಂಡ ಒಂದು ಚರಣಕ್ಕೆ ಸಭೆಯಲ್ಲಿ ಯಾರಾದರೊಬ್ಬ ವೃದ್ಧರ ಕಣ್ಣು ತೇವಗೊಂಡಿತೆಂದರೆ, ಅವರು ಎದ್ದು ಬಂದು ನಜರಾನೆಯ ನೋಟನ್ನು ಮುಂದಿಟ್ಟು ಹಿಂದಿರುಗಿ ಕುಳಿತುಕೊಳ್ಳುವವರೆಗೆ, ಒಮ್ಮೊಮ್ಮೆ ಅದಾದ ಮೇಲೂ ಬಹುಕಾಲದವರೆಗೆ, ಆ ಒಂದೇ ಚರಣ ಹತ್ತಾರು ಬಗೆಯಾಗಿ ತಿರುಗಿ ತಿರುಗಿ ಬರುತ್ತದೆ. ಹಿಂದೆ ಕುಳಿತವರ ಚಪ್ಪಾಳೆ ಲಯವನ್ನು ಬಿಗಿಮಾಡುತ್ತ ಹೋಗುತ್ತದೆ. ಹಾರ್ಮೋನಿಯಂ ಹಿಡಿದವರ ಕಣ್ಣು ತಮ್ಮ ಬೆರಳುಗಳ ಮೇಲಿರದೆ ಕೇಳುಗರ ಮುಖದ ಮೇಲಿರುತ್ತದೆ. ಚಿಶ್ತಿ ಪರಂಪರೆಯ ಸೂಫಿಗಳಿಗೆ ಸಂಗೀತಶ್ರವಣವೇ ಸಾಧನೆಯ ಒಂದು ಅಂಗವಾದುದರಿಂದ, ಕೇಳುವವನ ಚಿತ್ತಸ್ಥಿತಿಗೆ ಅಲ್ಲಿ ಅಂಥ ಗೌರವ ಸಲ್ಲುತ್ತದೆ.

ಇದೇ ಊರಿನಲ್ಲಿ, ಹೋಳಿಹುಣ್ಣಿಮೆಯ ತರುವಾಯ ಶರಣಬಸವೇಶ್ವರರ ತೇರು ಸಾಗುವ ದಿನಗಳಲ್ಲಿ, ಜಾತ್ರೆಯ ಮಗ್ಗುಲಲ್ಲಿ ತಗಡಿನ ಥೇಟರು ಕಟ್ಟಿಕೊಂಡು ಮೊಕ್ಕಾಂ ಹೂಡುವ ನಾಟಕ ಕಂಪನಿಗಳ ಸಭಾಗೃಹದಲ್ಲಿಯೂ ಈ ನ್ಯಾಯವೇ ನಡೆದುಬಂದಿದೆ. ನಾಯಕಪಾತ್ರಧಾರಿ ಹಾಡಿದ್ದು ಮೆಚ್ಚಿಕೆಯಾಯಿತೆಂದರೆ ಹಿಂದಿನ ಸಾಲಿನಿಂದ ‘ವನ್ಸ್ ಮೋರ್’ ಎಂಬ ಕೂಗು ಏಳುವುದು. ಸತ್ತು ಬಿದ್ದಿದ್ದ ವೀರನೂ ಎದ್ದು ಮತ್ತೊಮ್ಮೆ ಹಾಡಿ ಪುನಃ ಮರಣವನ್ನಪ್ಪಿದ ಕಥೆಗಳನ್ನು ವೃತ್ತಿರಂಗಭೂಮಿಯ ಹಳೆಯ ಪ್ರೇಕ್ಷಕರು ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ಔಚಿತ್ಯಭಂಗವೆಂದು ಪಂಡಿತರು ಇದನ್ನು ಆಕ್ಷೇಪಿಸಿದ್ದುಂಟು. ನನಗೆ ಹಾಗೆ ತೋರುವುದಿಲ್ಲ. ನಟನ ಕಂಠಕ್ಕೂ ಪ್ರೇಕ್ಷಕನ ಆಸೆಗೂ ನಡುವೆ ಅಷ್ಟು ಸಮೀಪವಾದ ಒಂದು ಒಪ್ಪಂದವಿದ್ದ ಕಲೆ ಅದು. ಕಥೆಯ ಭ್ರಮೆ ಆ ಒಪ್ಪಂದದ ಮುಂದೆ ಸಣ್ಣದಾಗಿತ್ತು.

ಮೂರನೆಯದೊಂದು ಸ್ಥಳವನ್ನೂ ಇಲ್ಲಿ ಹೇಳಬೇಕು. ಕಲಬುರಗಿಯ ಮುಖ್ಯ ರಂಗಮಂದಿರ ಡಾ. ಎಸ್.ಎಂ. ಪಂಡಿತರ ಹೆಸರನ್ನು ಹೊತ್ತುಕೊಂಡಿದೆ. 1916ರಲ್ಲಿ ಈ ಊರಿನಲ್ಲಿ ಜನಿಸಿದ ಪಂಡಿತರು ಮುಂಬಯಿಗೆ ಹೋಗಿ, ಚಲನಚಿತ್ರಗಳ ಭಿತ್ತಿಚಿತ್ರಗಳನ್ನೂ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ಬರೆದು, ಅನಂತರ ಪೌರಾಣಿಕ ವರ್ಣಚಿತ್ರಗಳಿಂದ ದೇಶವಿಖ್ಯಾತರಾದವರು. ನಟನಟಿಯರ ಮುಖಗಳನ್ನು ಸಹಜಪ್ರಮಾಣಕ್ಕಿಂತ ಹಿರಿದುಮಾಡಿ ಬೀದಿಯ ಜನರ ಕಣ್ಣಿಗೆ ತಂದುಕೊಟ್ಟ ಚಿತ್ರಕಾರರ ಹೆಸರಿನಲ್ಲಿ ನಾಟಕಶಾಲೆಯೊಂದು ನಿಂತಿರುವುದು ನನಗೆ ಬಹು ಸಂತೋಷದ ವಿಷಯ; ಏಕೆಂದರೆ ನಾನು ಹೇಳಬೇಕೆಂದಿರುವುದು ಸಿನಿಮಾ ಮತ್ತು ನಾಟಕಗಳ ನಡುವಣ ಆ ದಾರಿಯ ಕುರಿತೇ ಆಗಿದೆ. ಹಾಡುಗಳಿಂದಲೇ ಜನಮನದಲ್ಲಿ ನೆಲೆನಿಂತ ಹಳೆಯ ಚಲನಚಿತ್ರವೊಂದನ್ನು ರಂಗದ ಮೇಲೆ ತರಬೇಕೆಂದು ಯಾರಾದರೂ ಸಂಕಲ್ಪಿಸಿದರೆ, ಅವರು ಮೊದಲು ಚಿಂತಿಸಬೇಕಾದುದು ಯಾವುದನ್ನು? ಬಹುಮಂದಿ ವೈಭವವನ್ನು ಚಿಂತಿಸುತ್ತಾರೆ: ಅರಮನೆಯನ್ನು ಹೇಗೆ ಕಟ್ಟುವುದು, ಯುದ್ಧವನ್ನು ಹೇಗೆ ತೋರಿಸುವುದು, ಮಳೆಯನ್ನು ಹೇಗೆ ಸುರಿಸುವುದು. ಇವೆಲ್ಲ ಪರಿಹಾರವಿರುವ ತೊಡಕುಗಳು. ಚಿತ್ರಗೀತೆಯಲ್ಲಿ ಬೇರೆಬೇರೆಯಾಗಿ ಹೋದ ಕಂಠವನ್ನೂ ದೇಹವನ್ನೂ ಮರಳಿ ಒಂದುಮಾಡುವುದು ಹೇಗೆ, ಮುದ್ರಿತವಾಗಿ ಮುಚ್ಚಿಹೋದ ಹಾಡನ್ನು ಕೇಳುಗನ ಮುಂದೆ ಮತ್ತೆ ತೆರೆಯುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆಯೆಂದು ನಾನು ನಂಬಿದ್ದೇನೆ.

ನಮ್ಮ ದೇಶದ ವಾಕ್ಚಿತ್ರ ರಂಗಭೂಮಿಗೆ ಎಷ್ಟು ಋಣಿಯೆಂಬುದನ್ನು ನೆನೆದರೆ ಈ ಮಾತು ಇನ್ನಷ್ಟು ಸ್ಫುಟವಾದೀತು. 1931ರಲ್ಲಿ ತೆರೆಕಂಡ ‘ಆಲಂ ಆರಾ’ ಪಾರಸಿ ರಂಗಭೂಮಿಯ ನಾಟಕವೊಂದರಿಂದ ಬಂದದ್ದು. ಮರುವರ್ಷದ ‘ಇಂದ್ರಸಭಾ’ ಲಖನೌದ ನವಾಬ ವಾಜಿದ್ ಅಲಿ ಶಾಹನ ಕಾಲದಲ್ಲಿ ಆಗಾ ಹಸನ್ ಅಮಾನತ್ ಬರೆದ ಗೀತನಾಟಕದ ಚಿತ್ರರೂಪ. ಅದರಲ್ಲಿ ಸುಮಾರು 70 ಹಾಡುಗಳಿದ್ದುವು. 1934ರ ಮಾರ್ಚಿನಲ್ಲಿ ಬಿಡುಗಡೆಯಾದ ಕನ್ನಡದ ‘ಸತಿ ಸುಲೋಚನಾ’ದಲ್ಲಿ ಕಾಣಿಸಿಕೊಂಡ ಸುಬ್ಬಯ್ಯ ನಾಯಿಡು, ನಾಗೇಂದ್ರರಾವ್ ಮೊದಲಾದವರು ಕಂಪನಿ ರಂಗಭೂಮಿಯವರೇ; ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳೂ ಕಂಪನಿ ನಾಟಕಗಳ ಕವಿಗಳೇ. ಕೊಲ್ಲಾಪುರದ ಸ್ಟುಡಿಯೋದಲ್ಲಿ ಅವರು ಕ್ಯಾಮರಾದ ಮುಂದೆ ನಿಂತು ಹಾಡಿದಾಗ, ಹಾಡಿದವನ ಬಾಯಿಂದಲೇ ಆ ಧ್ವನಿ ಬಂದಿತೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನದ ಪದ್ಧತಿಯನ್ನು ತಂದಿತು. ಹಾಡಬಲ್ಲವರು ಮರೆಯಲ್ಲಿ ಹಾಡುವರು, ಚೆಲುವಾದವರು ಮುಂದೆ ನಿಂತು ತುಟಿಯಾಡಿಸುವರು. ಇದರಿಂದ ನಮಗೆ ದೊರೆತ ಸಂಪತ್ತನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಲತಾ, ರಫಿ, ಜಾನಕಿ, ಪಿ.ಬಿ. ಶ್ರೀನಿವಾಸರಿಲ್ಲದ ಇಪ್ಪತ್ತನೆಯ ಶತಮಾನವನ್ನು ಯಾರು ತಾನೆ ಬಯಸಿಯಾರು? ಆದರೆ ಅದರೊಡನೆ ಹಾಡುವ ನಟ ಎಂಬ ಮಹಾಜಾತಿಯೊಂದು ಚಿತ್ರರಂಗದಿಂದ ಕ್ರಮಕ್ರಮವಾಗಿ ಅಳಿಯಿತು. ಬೀಳಗಿಯ ಇಬ್ಬರು ಸೋದರಿಯರ ಜೀವನದಲ್ಲಿ ಈ ಸಂಧಿಕಾಲವನ್ನು ಸ್ಪಷ್ಟವಾಗಿ ಕಾಣಬಹುದು. ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಮಂಡಳಿಯನ್ನು ಸೇರಿ ರಂಗದ ಮೇಲೆ ನಾಯಿಕೆಯಾಗಿ ಹಾಡಿದರು. ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರರಂಗಕ್ಕೆ ಹೋಗಿ 1943ರ ‘ಕಿಸ್ಮತ್’ನ ಹಾಡುಗಳಿಂದ ದೇಶದ ಮನೆಮನೆಗೆ ಪರಿಚಿತರಾದರು. ಒಬ್ಬರನ್ನು ಜನ ಕಣ್ಣಾರೆ ಕಂಡು ಕೇಳಿದರು, ಇನ್ನೊಬ್ಬರ ಕಂಠವನ್ನು ಆ ಹಾಡುಗಳಲ್ಲಿ ಅವರನ್ನು ಕಾಣದೆಯೇ ಆರಾಧಿಸಿದರು. ಒಂದೇ ಮನೆಯ ಅಂಗಳದಲ್ಲಿ ಎರಡು ಯುಗಗಳು ಹೀಗೆ ಬೇರೆಯಾದುವು.

ಈಗ ‘ಮುಘಲ್-ಏ-ಆಜಂ’ಗೆ ಬರುತ್ತೇನೆ. ರೋಜಾದಂಥ, ಉರ್ದುವಿನ ಇಂಪು ಬೀದಿಯ ಮಾತಿನಲ್ಲಿಯೇ ಬೆರೆತಿರುವ ಪ್ರದೇಶದಲ್ಲಿ ಚಿತ್ರದ ಹೆಸರನ್ನೆತ್ತಿದರೆ ಮೊದಲು ನೆನಪಾಗುವ ಚಿತ್ರಗಳಲ್ಲಿ ಇದೂ ಒಂದು. ಇದರ ಮೂಲವೂ ನಾಟಕವೇ: 1922ರಲ್ಲಿ ಲಾಹೋರಿನ ಇಮ್ತಿಯಾಜ್ ಅಲಿ ತಾಜ್ ಬರೆದ ‘ಅನಾರಕಲಿ’. ಕೆ. ಆಸಿಫರು ವರ್ಷಾನುವರ್ಷ ದುಡಿದು 1960ರ ಆಗಸ್ಟ್ 5ರಂದು ಬಿಡುಗಡೆ ಮಾಡಿದ, ಮೂರು ಗಂಟೆಗೂ ಮೀರಿದ ಆ ಚಿತ್ರದಲ್ಲಿ ರಂಗಭೂಮಿಯ ರಕ್ತ ಎಲ್ಲೆಡೆಯೂ ಹರಿಯುತ್ತದೆ. ಅಕ್ಬರನಾಗಿ ನಿಂತ ಪೃಥ್ವಿರಾಜ ಕಪೂರರು ಸ್ವಂತ ನಾಟಕಮಂಡಳಿಯನ್ನು ಕಟ್ಟಿ ಊರೂರು ತಿರುಗಿದವರು. ಅವರು ಒಂದೊಂದು ಮಾತನ್ನೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟಿಸುವಂತೆ ಆಡುತ್ತಾರೆ, ಎದುರಿಗಿರುವುದು ಕ್ಯಾಮರಾ ಎಂಬುದನ್ನು ಲೆಕ್ಕಿಸುವುದಿಲ್ಲ. ಅನಾರಕಲಿ ಶಿಲಾಪ್ರತಿಮೆಯಂತೆ ನಿಶ್ಚಲಳಾಗಿ ನಿಂತಿರುವಾಗ ಸಲೀಮನ ಬಾಣ ಆ ಪ್ರತಿಮೆಯ ಮುಂದಣ ತೆರೆಯನ್ನು ಸರಿಸುವ ಸನ್ನಿವೇಶವಂತೂ, ಅಂಕದ ಅಂತ್ಯದಲ್ಲಿ ಪಾತ್ರಗಳೆಲ್ಲ ಚಿತ್ರದಂತೆ ಸ್ತಬ್ಧವಾಗಿ ನಿಲ್ಲುವ ‘ಟ್ಯಾಬ್ಲೋ’ ಕ್ರಮವನ್ನು ಕಂಡ ಕಂಪನಿ ನಾಟಕಗಳ ಪ್ರೇಕ್ಷಕನಿಗೆ ಅಪರಿಚಿತವೆನ್ನಿಸದು. ಉಸಿರಾಡುವ ಹೆಣ್ಣೊಬ್ಬಳು ಉಸಿರು ಬಿಗಿಹಿಡಿದು ಕಲ್ಲಾಗಿರುವುದನ್ನು ಅದೇ ಗಾಳಿಯನ್ನು ಉಸಿರಾಡುತ್ತ ನೋಡುವಾಗ ಆಗುವ ಉದ್ವೇಗ ರಂಗಕ್ಕೇ ವಿಶಿಷ್ಟವಾದುದು.

ಆ ಚಿತ್ರದ ಶೀಷ್ ಮಹಲಿನ ದೃಶ್ಯವನ್ನು ಯಾರು ಮರೆತಾರು? ಕನ್ನಡಿಗಳಿಂದ ತುಂಬಿದ ಆ ಒಳಾಂಗಣವನ್ನು ಕಟ್ಟಲು ಎರಡು ವರ್ಷದಷ್ಟು ಕಾಲ ಹಿಡಿಯಿತೆಂದು ಪ್ರತೀತಿ. ಕಟ್ಟಿದ ಮೇಲೆ ದೀಪಗಳ ಬೆಳಕು ಗಾಜಿಗೆ ಬಡಿದು ಮರಳಿ ಕ್ಯಾಮರಾದ ಕಣ್ಣನ್ನೇ ಕುರುಡುಮಾಡುವಂತಾಗಿ, ಛಾಯಾಗ್ರಾಹಕ ಆರ್.ಡಿ. ಮಾಥುರರು ಬೆಳಕನ್ನು ನೇರವಾಗಿ ಬಿಡದೆ ಪ್ರತಿಫಲಿಸಿ ಬರುವಂತೆ ಹದಗೊಳಿಸಿ ಆ ಕಷ್ಟವನ್ನು ದಾಟಿದರು. ಅಲ್ಲಿ ಕುಣಿಯುವ ಮುಖ ಮಧುಬಾಲೆಯದು, ಹಾಡುವ ಕಂಠ ಲತಾ ಮಂಗೇಶಕರರದು, ನೃತ್ಯಸಂಯೋಜನೆ ಲಚ್ಚೂ ಮಹಾರಾಜರದು, ಸ್ವರ ನೌಷಾದರದು, ಪದ ಶಕೀಲ್ ಬದಾಯೂನಿಯವರದು. ಮತ್ತೊಂದೆಡೆ ತಾನಸೇನನ ಪಾತ್ರಕ್ಕೆ ಕಂಠವಿತ್ತವರು ಬಡೇ ಗುಲಾಂ ಅಲೀಖಾನರು. ಇಷ್ಟೊಂದು ಪ್ರತಿಭೆಗಳು ಬೇರೆಬೇರೆ ಕೊಠಡಿಗಳಲ್ಲಿ, ಬೇರೆಬೇರೆ ದಿನಗಳಲ್ಲಿ ಮಾಡಿದ ಕಾರ್ಯ ಸಂಕಲನದ ಮೇಜಿನ ಮೇಲೆ ಕೂಡಿ ಒಬ್ಬ ಅನಾರಕಲಿಯಾಯಿತು. ಚಲನಚಿತ್ರಕಲೆಯ ಮಹಿಮೆಯೇ ಅದು. ರಂಗಕ್ಕೆ ತರುವವನ ಮುಂದಿರುವ ದುರ್ಗವೂ ಅದೇ.

2016ರಲ್ಲಿ ನಿರ್ದೇಶಕ ಫಿರೋಜ್ ಅಬ್ಬಾಸ್ ಖಾನರು ಮುಂಬಯಿಯ ಎನ್‌ಸಿಪಿಎ ಸಭಾಗೃಹದಲ್ಲಿ ಈ ಚಿತ್ರವನ್ನು ಸಂಗೀತನಾಟಕವನ್ನಾಗಿ ರಂಗಕ್ಕೆ ತಂದರು. ಮೂಲಚಿತ್ರಕ್ಕೆ ಹಣ ಹೂಡಿದ್ದ ಶಾಪೂರ್‌ಜಿ ಪಲ್ಲೋನ್‌ಜಿ ಮನೆತನದ ಸಂಸ್ಥೆಯೇ ಈ ನಾಟಕದ ಹಿಂದೆಯೂ ನಿಂತಿತು. ಗಮನಿಸಬೇಕಾದುದೆಂದರೆ, ಇದೇ ನಿರ್ದೇಶಕರು 1992ರಲ್ಲಿ ‘ತುಮ್ಹಾರೀ ಅಮೃತಾ’ ನಾಟಕದಲ್ಲಿ ಶಬಾನಾ ಆಜ್ಮಿ, ಫಾರೂಕ್ ಶೇಖರಿಬ್ಬರನ್ನು ಸುಮ್ಮನೆ ಕುಳ್ಳಿರಿಸಿ ಪತ್ರಗಳನ್ನು ಓದಿಸಿಯೇ ಸಭೆಯ ಹೃದಯವನ್ನು ಕಲಕಿದ್ದವರು. ಬರಿಯ ಮಾತಿನ ಶಕ್ತಿಯನ್ನು ಬಲ್ಲವರು ವೈಭವದ ಕೆಲಸಕ್ಕೆ ಕೈಹಾಕಿದಾಗ ಅದಕ್ಕೊಂದು ಸಂಯಮ ಬರುವುದು ಸಹಜ. ಅವರು ಮಾಡಿದ ನಿರ್ಧಾರಗಳಲ್ಲಿ ನನಗೆ ಪರಮಶ್ಲಾಘ್ಯವಾಗಿ ಕಾಣುವುದು ಒಂದೇ: ಅನಾರಕಲಿಯಾಗುವ ನಟಿ ರಂಗದ ಮೇಲೆಯೇ, ಪ್ರೇಕ್ಷಕರ ಎದುರಿನಲ್ಲಿಯೇ ಹಾಡಬೇಕು ಎಂಬುದು. ಪ್ರಿಯಾಂಕಾ ಬರ್ವೆ, ನೇಹಾ ಸರಗಮ್ ಎಂಬ ಇಬ್ಬರು ಗಾಯಿಕೆಯರು ಸರದಿಯಂತೆ ಆ ಪಾತ್ರವನ್ನು ವಹಿಸಿದರು. ಲತಾ ಅವರ ಕಂಠದಲ್ಲಿ ಐದೂವರೆ ದಶಕಗಳಿಂದ ಜನರ ಕಿವಿಯಲ್ಲಿ ಅಚ್ಚೊತ್ತಿನಿಂತ ಗೀತೆಯನ್ನು, ಕಾಲಿಗೆ ಗೆಜ್ಜೆ ಕಟ್ಟಿ, ಭಾರವಾದ ಉಡುಪು ತೊಟ್ಟು, ಅಕ್ಬರನ ಎದುರು ನಿಂತು ಹಾಡುವುದೆಂದರೆ ಎಂಥ ಎದೆಗಾರಿಕೆ ಬೇಕು ಎಂಬುದನ್ನು ಹಾಡುವವರೇ ಬಲ್ಲರು.

ಆ ಪ್ರಯೋಗದ ನೃತ್ಯಗಳನ್ನು ಸಂಯೋಜಿಸಿದವರು ಬೆಂಗಳೂರಿನ ಮಯೂರಿ ಉಪಾಧ್ಯ ಎಂಬುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ. ಶೀಷ್ ಮಹಲಿನ ಸಮಸ್ಯೆಯನ್ನು ರಂಗ ಬಿಡಿಸಬೇಕಾದುದು ನರ್ತಕರಿಂದಲೇ ಎಂದು ನನ್ನ ಎಣಿಕೆ. ನಾಟಕಶಾಲೆಯಲ್ಲಿ ನಿಜವಾದ ಕನ್ನಡಿಗಳನ್ನು ನಿಲ್ಲಿಸಿದರೆ ಅವುಗಳಲ್ಲಿ ಕಾಣುವುದು ದೀಪಗಳೂ ಪ್ರೇಕ್ಷಕರ ಮುಖಗಳೂ ಮಾತ್ರ. ಚಿತ್ರದಲ್ಲಿ ಒಬ್ಬ ಅನಾರಕಲಿ ಕನ್ನಡಿಕನ್ನಡಿಯಲ್ಲಿಯೂ ಮೂಡಿ ಚಕ್ರವರ್ತಿಯ ದೃಷ್ಟಿ ಎಲ್ಲಿ ತಿರುಗಿದರೂ ಅಲ್ಲಿ ಅವಳೇ ಆಗುವಳಷ್ಟೆ. ರಂಗದಲ್ಲಿ ಅದೇ ಭಾವವನ್ನು ತರಬೇಕಾದರೆ, ಅವಳ ಒಂದು ಹಸ್ತಚಲನೆಯನ್ನು ಹಿಂದೆ ನಿಂತ ಇಪ್ಪತ್ತು ಮಂದಿ ಒಂದೊಂದು ಮಾತ್ರೆ ತಡೆದು ಅನುಸರಿಸಿದರೆ ಸಾಕು, ಕನ್ನಡಿಯ ಅರಮನೆ ದೇಹಗಳಿಂದಲೇ ನಿರ್ಮಾಣವಾಗುತ್ತದೆ. ಯುದ್ಧದ ವಿಷಯವೂ ಹೀಗೆಯೇ. ಆಸಿಫರು ಸೇನೆಯ ಸೈನಿಕರನ್ನೂ ಕುದುರೆ ಒಂಟೆಗಳನ್ನೂ ಬಯಲಿಗೆ ತಂದರು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿ ನಾಡನ್ನು ಬೆರಗುಗೊಳಿಸಿದರು. ಆದರೆ ನಮ್ಮ ದೊಡ್ಡಾಟದ ಹಲಗೆಗಳ ಮೇಲೆ ಇಬ್ಬರು ವೀರರು ಭುಜಕೀರ್ತಿ ಕಿರೀಟಗಳನ್ನು ಧರಿಸಿ, ಮದ್ದಳೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕಿ ಸುತ್ತುತ್ತ ಒಬ್ಬರನ್ನೊಬ್ಬರು ಮೂದಲಿಸಿದರೆ ಹದಿನೆಂಟು ಅಕ್ಷೋಹಿಣಿಯೂ ಅಲ್ಲಿ ನೆರೆದಂತೆಯೇ. ಅಕ್ಬರ ಸಲೀಮರೆಂಬ ತಂದೆ ಮಗಂದಿರ ಸಮರಕ್ಕೆ ಇದಕ್ಕಿಂತ ಉಚಿತವಾದ ಮಾರ್ಗ ನನಗೆ ಹೊಳೆಯದು.

ಕಂಠವನ್ನೂ ದೇಹವನ್ನೂ ಮರಳಿ ಒಂದುಮಾಡುವ ವಿಷಯಕ್ಕೆ ಕಡಲಾಚೆಯ ಒಂದು ನಿದರ್ಶನವೂ ಉಂಟು. 1952ರಲ್ಲಿ ಹಾಲಿವುಡ್‌ನಲ್ಲಿ ತಯಾರಾದ ‘ಸಿಂಗಿಂಗ್ ಇನ್ ದಿ ರೇನ್’ ಚಿತ್ರದ ಕಥೆಯೇ ಕಂಠ ದೇಹಗಳ ಅಗಲಿಕೆಯದು. ಮೂಕಿಚಿತ್ರಗಳ ಕಾಲ ಮುಗಿದು ವಾಕ್ಚಿತ್ರ ಬಂದಾಗ, ರೂಪವತಿಯಾದ ತಾರೆಯೊಬ್ಬಳ ಕರ್ಕಶ ಧ್ವನಿಯನ್ನು ಮರೆಮಾಡಲು ಬೇರೊಬ್ಬ ತರುಣಿ ತೆರೆಯ ಹಿಂದೆ ನಿಂತು ಹಾಡುತ್ತಾಳೆ. ಕೊನೆಯಲ್ಲಿ ತುಂಬಿದ ಸಭೆಯೆದುರು ತೆರೆ ಮೇಲೇರಿ ಹಾಡುತ್ತಿರುವವಳು ಯಾರೆಂಬುದು ಬಯಲಾಗುತ್ತದೆ. ವಿಚಿತ್ರವೆಂದರೆ, ಕದ್ದ ಕಂಠದ ಕಥೆಯನ್ನು ಹೇಳುವ ಆ ಚಿತ್ರದಲ್ಲಿಯೇ, ಮರೆಯಲ್ಲಿ ಹಾಡುವ ತರುಣಿಯ ಪಾತ್ರ ವಹಿಸಿದ ಡೆಬ್ಬಿ ರೆನಾಲ್ಡ್ಸಳ ಕೆಲವು ಹಾಡುಗಳಿಗೆ ಇನ್ನೊಬ್ಬ ಗಾಯಿಕೆ ಮರೆಯಲ್ಲಿ ನಿಂತು ಕಂಠವಿತ್ತಿದ್ದಳು. 1983ರಲ್ಲಿ ಲಂಡನ್ನಿನಲ್ಲಿ ಆ ಚಿತ್ರ ನಾಟಕವಾಯಿತು. ರಂಗದ ಮೇಲೆ ನಿಜವಾದ ನೀರು ಸುರಿಯುವ ವ್ಯವಸ್ಥೆಯನ್ನು ಪತ್ರಿಕೆಗಳೂ ಜನರೂ ಕೊಂಡಾಡಿದರು. ನನ್ನ ಮನಸ್ಸನ್ನು ಸೆಳೆಯುವುದು ಆ ಮಳೆಗಿಂತ ಆ ಕೊನೆಯ ತೆರೆ. ಚಿತ್ರದಲ್ಲಿ ಆ ತೆರೆ ಏಳುವುದು ಕಥೆಯ ತಿರುವು. ನಾಟಕದಲ್ಲಿ ಅದು ಎದ್ದಾಗ ಹಾಡುತ್ತ ನಿಂತಿರುವವಳು ನಿಜವಾಗಿಯೂ ಹಾಡುತ್ತಿರಬೇಕಾಗುತ್ತದೆ, ಪ್ರತಿರಾತ್ರಿಯೂ.

ಕನ್ನಡದಲ್ಲಿ ಈ ಪ್ರಶ್ನೆ ಎಂದೋ ಒಮ್ಮೆ ತಾನಾಗಿಯೇ ಉತ್ತರ ಕಂಡುಕೊಂಡಿತ್ತು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಉತ್ತರ ಕರ್ನಾಟಕದ ಜಾತ್ರೆಗಳ ಹಲಗೆಯ ಮೇಲೆ ಜನಪ್ರಿಯವಾದ ನಾಟಕ. 1974ರಲ್ಲಿ ಎ.ವಿ. ಶೇಷಗಿರಿರಾಯರು ಅದನ್ನು ಚಲನಚಿತ್ರವಾಗಿಸಿದರು. ನಾಟಕ ಕಂಪನಿಗಳಲ್ಲಿ ಬೆಳೆದು, ಬಾಲ್ಯದಿಂದ ಹಾಡುತ್ತಲೇ ಬಂದಿದ್ದ, ಆ ಚಿತ್ರದ ನಾಯಕ ರಾಜಕುಮಾರರು, ಚಿತ್ರರಂಗಕ್ಕೆ ಕಾಲಿಟ್ಟ ಮೇಲೆ ಇಪ್ಪತ್ತು ವರ್ಷ ಎಲ್ಲಿಯೋ ಒಮ್ಮೊಮ್ಮೆ ಹೊರತು ತಮ್ಮ ಕಂಠವನ್ನು ಮುಚ್ಚಿಟ್ಟು, ಪಿ.ಬಿ. ಶ್ರೀನಿವಾಸರ ಇನಿದನಿಗೆ ತುಟಿಯಾಡಿಸಿದ್ದರು. ಈ ಚಿತ್ರದಲ್ಲಿ, ಎಮ್ಮೆಯ ಬೆನ್ನೇರಿ ಹಾಡುವ ಆ ಪ್ರಸಿದ್ಧ ಗೀತೆಯಲ್ಲಿ, ನಾಡು ಅವರ ಸ್ವಂತ ದನಿಯನ್ನು ಕೇಳಿತು; ಅಲ್ಲಿಂದ ಮುಂದೆ ಅವರ ಪಾತ್ರಗಳಿಗೆ ಅವರೇ ಹಾಡತೊಡಗಿದರು; 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ವೃತ್ತಿರಂಗಭೂಮಿಯ ಒಂದು ನಾಟಕ ಚಿತ್ರವಾದ ಸಂದರ್ಭದಲ್ಲಿಯೇ ಅದೇ ರಂಗಭೂಮಿಯ ಮಗನಿಗೆ ಅವನ ಕಂಠ ಹಿಂದಿರುಗಿತೆಂಬುದನ್ನು ನಾನು ಕೇವಲ ಆಕಸ್ಮಿಕವೆಂದು ತಳ್ಳಿಹಾಕಲಾರೆ. ಆ ಚಿತ್ರ ಬಂದ ಮೇಲೆ ಹಳ್ಳಿಗಳಲ್ಲಿ ನಾಟಕವನ್ನಾಡುವವರು ಚಿತ್ರದ ಧಾಟಿಗಳನ್ನು ಎತ್ತಿಕೊಂಡು ಹಾಡುವುದು ರೂಢಿಗೆ ಬಂತು. ಚಿತ್ರದಿಂದ ನಾಟಕಕ್ಕೆ ಹಾಡು ಬರುವ ಆ ದಾರಿಯನ್ನು ವಿಮರ್ಶಕರು ಪರಿಶೀಲಿಸಿದ್ದು ಕಡಮೆ. ‘ಸಿನಿಮಾ ಧಾಟಿ’ ಎಂಬ ಎರಡು ಶಬ್ದಗಳ ತಿರಸ್ಕಾರದಲ್ಲಿ ಅದನ್ನು ಮುಗಿಸಿಬಿಟ್ಟರು.

ಆ ದಾರಿಯಲ್ಲಿ ಏನು ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಬೇಕಾದರೆ ಹಳ್ಳಿಯ ತಾಲೀಮಿಗೆ ಹೋಗಬೇಕು. ಕಮಲಾಪುರದ ಕಡೆಯ ಒಂದು ಊರಿನಲ್ಲಿ, ಜಾತ್ರೆಯ ನಾಟಕಕ್ಕೆಂದು ಗುಡಿಯ ಪೌಳಿಯಲ್ಲಿ ರಾತ್ರಿ ಊಟದ ಮೇಲೆ ತಾಲೀಮು ನಡೆಯುತ್ತಿದ್ದುದನ್ನು ನಾನು ನೋಡಿದ್ದೆ. ಗಂಡುಪಾತ್ರಗಳೆಲ್ಲ ಊರಿನ ಹೊಲಮನೆಯ ಹುಡುಗರವು. ಹೆಣ್ಣುಪಾತ್ರಗಳಿಗೆ ವೃತ್ತಿನಟಿಯರು ನಾಟಕದ ದಿನವೇ ಬರತಕ್ಕವರು, ಆದುದರಿಂದ ಅವರ ಮಾತುಗಳನ್ನು ಆಗ ಪುಸ್ತಕ ಹಿಡಿದವರೊಬ್ಬರು ಓದುತ್ತಿದ್ದರು. ನಡುವೆ ಕಾಲುಪೇಟಿಯ ಮುಂದೆ ಪೇಟಿ ಮಾಸ್ತರರು. ನಾಯಕನ ಪಾರ್ಟು ಹಿಡಿದ ತರುಣ ಒಂದು ಚಿತ್ರಗೀತೆಯ ಧಾಟಿಗೆ ಕಟ್ಟಿದ ಪದವನ್ನು ಮೂಲದ ಶ್ರುತಿಯಲ್ಲಿಯೇ ಎತ್ತಿಕೊಂಡು, ಮೇಲಿನ ಷಡ್ಜಕ್ಕೆ ಹೋಗುವಾಗ ಕಂಠ ಒಡೆದು ನಿಂತ.

“ತಮ್ಮಾ, ಸಿನಿಮಾದಾಗ ಹಾಡಿದವ ಬ್ಯಾರೆ, ಓಡಾಡಿದವ ಬ್ಯಾರೆ. ಇಲ್ಲಿ ಎರಡೂ ನೀನೇ ಮಾಡಬೇಕು. ದಮ್ಮು ಉಳಿಸ್ಕೊಂಡು ಹಾಡು” ಎಂದರು ಮಾಸ್ತರರು.

“ಆಯ್ತ್ರೀ ಮಾಸ್ತರ” ಎಂದು ಅವನು ಪುನಃ ನಿಂತುಕೊಂಡ.

ಮುಂದೆ ಅವರು ಮಾಡಿದ ಕೆಲಸವನ್ನು ಯಾವ ಸಂಗೀತನಿರ್ದೇಶಕನೂ ಗಮನಿಸತಕ್ಕುದು. ಶ್ರುತಿಯನ್ನು ಕಪ್ಪು ನಾಲ್ಕರಿಂದ ಕಪ್ಪು ಎರಡಕ್ಕೆ ಇಳಿಸಿದರು. ಚಿತ್ರದಲ್ಲಿ ಪಿಟೀಲುಗಳ ಗುಂಪು ತುಂಬುತ್ತಿದ್ದ ಎಡೆಗಳನ್ನು ಪೇಟಿಯಲ್ಲಿ ನುಡಿಸಲು ಹೋಗದೆ, ಅಲ್ಲಿ ತಬಲಾದವನಿಗೆ ನಾಲ್ಕು ಆವರ್ತ ಕೊಟ್ಟು, ಅಷ್ಟರಲ್ಲಿ ನಟ ರಂಗದ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು ಉಸಿರು ತಿರುಗಿಸಿಕೊಳ್ಳುವಂತೆ ಏರ್ಪಡಿಸಿದರು. ಎರಡನೆಯ ಚರಣಕ್ಕೆ ಮುಂಚೆ ತಾವೇ ಒಂದು ಚಿಕ್ಕ ಆಲಾಪವನ್ನು ಹಾಡಿ ತೋರಿಸಿದರು; ಅದು ಚಿತ್ರದಲ್ಲಿ ಇದ್ದದ್ದಲ್ಲ, ಆ ಹುಡುಗನ ಕಂಠ ಎಲ್ಲಿ ಚೆನ್ನಾಗಿ ನಿಲ್ಲುವುದೆಂಬುದನ್ನು ಅರಿತು ಅಲ್ಲಿಗೆಂದೇ ರಚಿಸಿದ್ದು. ಕೊನೆಯಲ್ಲಿ ಪಲ್ಲವಿಯನ್ನು ಮುಗಿಸದೆ ಬಿಡಬೇಕೆಂದೂ, ಮೆಚ್ಚಿ ಆಯೇರಿಯ ಉಡುಗೊರೆ ಕೊಡುವವರು ಮುಂದೆ ಬಂದರೆ ಅವರ ಹೆಸರು ಕೂಗುವವರೆಗೆ ಪೇಟಿ ಸಣ್ಣಗೆ ನುಡಿಯುತ್ತಿರುವುದೆಂದೂ, ಅನಂತರ ಎಲ್ಲಿಂದ ಎತ್ತಿಕೊಳ್ಳಬೇಕೆಂಬುದನ್ನು ತಾವು ಕಣ್ಣಿನಲ್ಲಿ ತಿಳಿಸುವುದಾಗಿಯೂ ಹೇಳಿದರು. ಮೂರೂವರೆ ನಿಮಿಷದಲ್ಲಿ ಮುಗಿಯಲೇಬೇಕಾಗಿದ್ದ ಹಾಡು ಈಗ ಐದು ನಿಮಿಷವೂ ಆಗಬಹುದು, ಹದಿನೈದೂ ಆಗಬಹುದು. ರೋಜಾದ ಕವ್ವಾಲಿಯಲ್ಲಿ ಹಾರ್ಮೋನಿಯಂ ಹಿಡಿದವರ ಕಣ್ಣು ಮಾಡುವ ಕೆಲಸವನ್ನೇ ಇಲ್ಲಿ ಮಾಸ್ತರರ ಕಣ್ಣು ಮಾಡುತ್ತಿತ್ತು. ಧ್ವನಿಮುದ್ರಣ ಒಮ್ಮೆ ಮುಚ್ಚಿದ್ದ ಬಾಗಿಲನ್ನು ಆ ಮಾಸ್ತರರು ತೆರೆಯುತ್ತಿದ್ದರು. ಅದಕ್ಕೆ ಅವರಿಗೆ ಹತ್ತು ಬೆರಳು, ಎರಡು ಕಾಲು, ಒಂದು ಪೇಟಿ ಸಾಕಾಗಿತ್ತು.

ಇಂದಿನ ಅನೇಕ ಸಂಗೀತನಾಟಕಗಳಲ್ಲಿ ವಾದ್ಯಮೇಳವನ್ನು ಮೊದಲೇ ಮುದ್ರಿಸಿಟ್ಟು, ನಟರು ಅದರ ಗತಿಗೆ ಸರಿಯಾಗಿ ಹಾಡಬೇಕೆಂದು ವಿಧಿಸುತ್ತಾರೆ. ಖರ್ಚು ಕಡಮೆಯಾಗುವುದೆಂಬುದು ನಿಜ, ದೀಪದವರಿಗೂ ದೃಶ್ಯ ಬದಲಿಸುವವರಿಗೂ ಅನುಕೂಲವೆಂಬುದೂ ನಿಜ. ಆದರೆ ಅಲ್ಲಿ ನಟಿ ಹಾಡಿದರೂ ಹಾಡು ಅವಳ ಅಧೀನವಲ್ಲ. ಸಭೆ ಕರಗಿ ನಿಂತಾಗ ಅವಳು ನಿಲ್ಲುವಂತಿಲ್ಲ. ಸಹನಟನ ಕಣ್ಣೀರು ನಿಜವಾದಾಗ ಒಂದು ಆವರ್ತ ಕಾಯುವಂತಿಲ್ಲ. ಯಂತ್ರ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಹಣದ ಅಡಚಣೆಯಿದ್ದರೆ ಅರಮನೆಯ ಕಂಬಗಳನ್ನು ಕಡಮೆ ಮಾಡಲಿ, ಉಡುಪಿನ ಜರತಾರಿಯನ್ನು ಕಡಮೆ ಮಾಡಲಿ. ಪೇಟಿ ಮಾಸ್ತರರ ಸಂಬಳವನ್ನು ಮಾತ್ರ ಉಳಿಸಬಾರದು ಎಂದು ನಾನು ಸಂಘಟಕರೆಲ್ಲರಲ್ಲಿಯೂ ಕೈಮುಗಿದು ಕೇಳುತ್ತೇನೆ.

ಕಲಬುರಗಿಯಲ್ಲಿ ಈ ಪ್ರಯೋಗ ನಡೆಯಬೇಕೆಂದರೆ ಯಾವ ಚಿತ್ರ ತಕ್ಕುದು? ‘ಮುಘಲ್-ಏ-ಆಜಂ’ನ ಹಕ್ಕುಗಳೂ ವೆಚ್ಚವೂ ನಮಗೆ ನಿಲುಕತಕ್ಕವಲ್ಲ. ನನ್ನ ಮನಸ್ಸು 1966ರ ‘ಸಂಧ್ಯಾರಾಗ’ದ ಮೇಲಿದೆ. ಅ.ನ. ಕೃಷ್ಣರಾಯರ ಕಾದಂಬರಿಯನ್ನಾಧರಿಸಿದ, ಗಾಯಕನೊಬ್ಬನ ಬಾಳನ್ನೇ ವಸ್ತುವಾಗುಳ್ಳ ಆ ಚಿತ್ರದಲ್ಲಿ ಅಭಿನಯಿಸಿದವರು ರಾಜಕುಮಾರರು. ಕಂಠ ಕೊಟ್ಟವರಲ್ಲಿ ಭೀಮಸೇನ ಜೋಶಿಯವರೂ ಬಾಲಮುರಳೀಕೃಷ್ಣರೂ ಇದ್ದರು. ಸಂಗೀತವೇ ಕಥೆಯಾಗಿರುವ ಕೃತಿಯಲ್ಲಿ, ನಾಯಕ ಹಾಡಲಾರನೆಂದರೆ ರಂಗದ ಮೇಲೆ ಏನೂ ಉಳಿಯದು. ಆದುದರಿಂದಲೇ ಅದು ನಮ್ಮನ್ನು ಸುಲಭದ ಮಾರ್ಗದಿಂದ ತಡೆದು ನಿಲ್ಲಿಸುತ್ತದೆ. ಹಾಡಬಲ್ಲ ನಟರು ಎಲ್ಲಿಂದ ಬಂದಾರು ಎಂದು ಕೇಳುವವರಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ತೋರಿಸುತ್ತೇನೆ. ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧರನ್ನೂ ಅನಾಥರನ್ನೂ ಕರೆದು ಸಂಗೀತ ಕಲಿಸಿದ ಆ ಆಶ್ರಮ, ತನ್ನ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ಕಟ್ಟಿ ಊರೂರಿಗೆ ಕರೆದೊಯ್ದ ಇತಿಹಾಸವುಳ್ಳದ್ದು. ಅಲ್ಲಿ ಕಲಿತವರು ಇಂದು ಈ ಭಾಗದ ಶಾಲೆಗಳಲ್ಲಿ, ಮಠಗಳಲ್ಲಿ, ಭಜನಾಮಂಡಳಿಗಳಲ್ಲಿ ಹಾಡುತ್ತಿದ್ದಾರೆ, ಕಲಿಸುತ್ತಿದ್ದಾರೆ. ಅಭಿನಯದ ಶಿಕ್ಷಣಕ್ಕೆ ಕಲಬುರಗಿಯಲ್ಲಿಯೇ ರಂಗಾಯಣವಿದೆ. ಆಶ್ರಮದ ಗಾಯಕರನ್ನೂ ರಂಗಾಯಣದ ನಟರನ್ನೂ ಒಂದು ಚಾವಡಿಯಲ್ಲಿ ಕೂರಿಸಿ, ನಟನಿಗೆ ಸ್ವರವನ್ನೂ ಗಾಯಕನಿಗೆ ನಡಿಗೆಯನ್ನೂ ಒಂದು ವರ್ಷ ಕಲಿಸುವ ತಾಳ್ಮೆಯುಳ್ಳ ನಿರ್ದೇಶಕರೊಬ್ಬರು ಬೇಕು.

ಒಂದು ವರ್ಷವೆಂದದ್ದು ಅತಿಯಾಯಿತೆಂದು ಯಾರೂ ಭಾವಿಸಬಾರದು. ಭೀಮಸೇನರು ಹಾಡಿದ್ದನ್ನು ಇನ್ನೊಬ್ಬ ಹಾಡಲು ಹೊರಟಾಗ, ಅವರನ್ನು ಅನುಕರಿಸುವ ಮೋಹವನ್ನು ಅವನು ಬಿಡುವುದಕ್ಕೇ ಆರು ತಿಂಗಳು ಬೇಕಾದೀತು. ತನ್ನ ಶ್ರುತಿ ಯಾವುದು, ಮಾತಿನಿಂದ ಹಾಡಿಗೆ ತಾನು ಎಲ್ಲಿ ಹತ್ತಬಲ್ಲೆ, ಹಾಡಿದ ಮೇಲೆ ಮತ್ತೆ ಮಾತಿಗೆ ಉಸಿರು ಕೆಡದೆ ಹೇಗೆ ಇಳಿಯಬಲ್ಲೆ ಎಂಬುದನ್ನು ಅರಿಯಲು ಇನ್ನಾರು ತಿಂಗಳು. ಪಂಡಿತ ರಂಗಮಂದಿರದಲ್ಲಿ ಮೊದಲ ಪ್ರದರ್ಶನವಾಗಲಿ. ಎರಡನೆಯದನ್ನು ಶರಣಬಸವೇಶ್ವರರ ಜಾತ್ರೆಯ ಕಾಲಕ್ಕೆ ತಗಡಿನ ಥೇಟರಿನಲ್ಲಿಯೇ ಆಡಲಿ, ರೋಜಾದ ಕವ್ವಾಲರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ. ಯಾವ ರಾಗವನ್ನು ಎಷ್ಟು ಹೊತ್ತು ಹಾಡಬೇಕೆಂಬುದನ್ನು ಅಚ್ಚಿನ ಕಾರ್ಯಕ್ರಮಪತ್ರಿಕೆಯಲ್ಲಿ ನಮೂದಿಸುವ ಅವಶ್ಯಕತೆಯಿಲ್ಲ. ನಾಟಕ ರಾತ್ರಿ ಒಂಬತ್ತೂವರೆಗೆ ಆರಂಭವಾಗುವುದೆಂದಷ್ಟೇ ಹಾಕಿದರೆ ಸಾಕು.